ನೆರೆಮನೆಯ ದೊಡ್ಡ ನಾಯಿ ಮತ್ತು ಮನೆಯ ಪುಟ್ಟ ಮಕ್ಕಳು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ಮಹಾನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳು ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುತ್ತಿವೆ. ಒಂದೇ ಲಿಫ್ಟು, ಒಂದೇ ಮೆಟ್ಟಿಲು, ಎದುರುಬದುರಾಗಿ ತೆರೆಯುವ ಬಾಗಿಲುಗಳು. ಇಂತಹ ಕಟ್ಟಡಗಳಲ್ಲಿ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೈಲರ್, ಗ್ರೇಟ್ ಡೇನ್‌ಗಳಂತಹ ದೊಡ್ಡ ತಳಿಯ ನಾಯಿಗಳನ್ನು ಸಾಕುವುದು ಈಗ ಅಪರೂಪವೇನಲ್ಲ. ಊರಿನಲ್ಲಿ ನಾಯಿಗೆ ಅಂಗಳವಿರುತ್ತದೆ, ಹಿತ್ತಿಲಿರುತ್ತದೆ. ಮಗುವಿಗೂ ಅದಕ್ಕೂ ನಡುವೆ ಒಂದಷ್ಟು ಅಂತರ ತಾನಾಗಿಯೇ ಉಳಿಯುತ್ತದೆ. ಇಲ್ಲಿ ಆ ಅಂತರವನ್ನು ಹಿರಿಯರೇ ಏರ್ಪಡಿಸಬೇಕಾಗುತ್ತದೆ. ನಾಯಿ ಸಾಕುವವರನ್ನು ದೂರುವುದಾಗಲಿ, ಮಕ್ಕಳಲ್ಲಿ ಭಯ ಬಿತ್ತುವುದಾಗಲಿ ನಮ್ಮ ಉದ್ದೇಶವಲ್ಲ. ಐದಾರು ವರ್ಷದೊಳಗಿನ ಮಕ್ಕಳಿರುವ ಮನೆಯವರು ತಿಳಿದಿರಲೇಬೇಕಾದ ಸಂಗತಿಗಳನ್ನು ಇಲ್ಲಿ ಒಂದೆಡೆ ಕಲೆಹಾಕಿದ್ದೇವೆ.

ಗಾತ್ರ ಮತ್ತು ತಳಿ

ಬೆಳೆದ ಗಂಡು ಜರ್ಮನ್ ಶೆಫರ್ಡ್ 30ರಿಂದ 40 ಕಿಲೋ ತೂಗುತ್ತದೆ. ಗಂಡು ರಾಟ್‌ವೈಲರ್ 50 ಕಿಲೋ ಮೀರುವುದುಂಟು. ಗ್ರೇಟ್ ಡೇನ್‌ನ ಹೆಗಲೇ ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಐದು ವರ್ಷದ ಮಗುವಿನ ತೂಕವಾದರೋ ಸುಮಾರು 18 ಕಿಲೋ, ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು. ಅಂದರೆ ನಾಯಿಯ ಬಾಯಿ ಮಗುವಿನ ಮುಖದ ಮಟ್ಟಕ್ಕೆ ಬರುತ್ತದೆ. ವಯಸ್ಕರಿಗೆ ನಾಯಿ ಕಚ್ಚುವುದು ಹೆಚ್ಚಾಗಿ ಕೈಕಾಲುಗಳಿಗೆ; ಪುಟ್ಟ ಮಕ್ಕಳಿಗೆ ಮುಖ, ತಲೆ, ಕುತ್ತಿಗೆಗಳಿಗೆ ಗಾಯವಾಗುವುದು ಈ ಕಾರಣದಿಂದಲೇ.

ಕಚ್ಚದಿದ್ದರೂ ಅಪಾಯ ತಪ್ಪಿತೆಂದಲ್ಲ. ಒಂದು ವರ್ಷದ ಲ್ಯಾಬ್ರಡಾರ್‌ಗೆ ದೇಹ ಬೆಳೆದ ನಾಯಿಯದು, ಬುದ್ಧಿ ಮರಿಯದು. ಅದು ಪ್ರೀತಿಯಿಂದಲೇ ಹಾರಿ ಎದೆಗೆ ಕಾಲಿಟ್ಟರೂ ಮೆಟ್ಟಿಲ ತುದಿಯಲ್ಲಿ ನಿಂತ ಮಗುವಿನ ಗತಿಯೇನು?

ತಳಿಯ ಹೆಸರು ಹಿಡಿದು ಭಯಪಡುವವರೂ, ತಳಿಯ ಹೆಸರು ಹಿಡಿದು ನಿಶ್ಚಿಂತರಾಗುವವರೂ ಇದ್ದಾರೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆಯು 23 ತಳಿಗಳನ್ನು ಅಪಾಯಕಾರಿಯೆಂದು ಹೆಸರಿಸಿ, ಅವುಗಳ ಮಾರಾಟ ಮತ್ತು ಸಾಕಣೆಗೆ ಅನುಮತಿ ನೀಡದಂತೆ ರಾಜ್ಯಗಳಿಗೆ ಸೂಚಿಸಿತ್ತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷದ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಆ ಪಟ್ಟಿಯಲ್ಲಿ ರಾಟ್‌ವೈಲರ್ ಇತ್ತು; ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳು ಇರಲಿಲ್ಲ. ಅದರ ಮುಂದಿನ ತಿಂಗಳು ಚೆನ್ನೈನ ಉದ್ಯಾನವೊಂದರಲ್ಲಿ ಐದು ವರ್ಷದ ಬಾಲಕಿಯ ಮೇಲೆ ಎರಡು ರಾಟ್‌ವೈಲರ್ ನಾಯಿಗಳು ಎರಗಿ ತಲೆಗೆ ತೀವ್ರ ಗಾಯ ಮಾಡಿದ ಸುದ್ದಿ ದೇಶವನ್ನೇ ಕಲಕಿತು. ಬಲಿಷ್ಠ ತಳಿಯ ನಾಯಿ ಕಚ್ಚಿದಾಗ ಗಾಯ ಆಳವಾಗುತ್ತದೆಂಬುದು ನಿಜ. ಆದರೆ ‘ನಮ್ಮದು ಲ್ಯಾಬ್ರಡಾರ್, ಏನೂ ಮಾಡುವುದಿಲ್ಲ’ ಎಂಬ ಮಾತನ್ನು ಭರವಸೆಯಾಗಿ ಸ್ವೀಕರಿಸಲಾಗದು. ಪುಟ್ಟ ಮಕ್ಕಳನ್ನು ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಅವರಿಗೆ ಪರಿಚಯವಿರುವ ನಾಯಿಗಳೇ: ಸ್ವಂತ ಮನೆಯದು, ಬಂಧುಗಳದು, ನೆರೆಯವರದು. ನಾಯಿ ಉಣ್ಣುತ್ತಿರುವಾಗ, ಮಲಗಿರುವಾಗ, ಎಲುಬನ್ನೋ ಆಟಿಕೆಯನ್ನೋ ಕಚ್ಚುತ್ತಿರುವಾಗ, ಮರಿಗಳ ಜೊತೆಗಿರುವಾಗ ಮಗು ಬಳಿಸಾರಿರುತ್ತದೆ. ಅಥವಾ ಅಕ್ಕರೆಯಿಂದ ಕೊರಳನ್ನು ತಬ್ಬಿಕೊಂಡಿರುತ್ತದೆ.

ನಾಯಿಯ ಭಾಷೆ

ತಬ್ಬಿಕೊಳ್ಳುವುದು ಮನುಷ್ಯರ ಪ್ರೀತಿಯ ರೀತಿ, ನಾಯಿಗಳದ್ದಲ್ಲ. ಕೊರಳನ್ನು ಬಿಗಿಹಿಡಿದು ಮುಖಕ್ಕೆ ಮುಖ ತಂದರೆ ಎಷ್ಟೋ ನಾಯಿಗಳಿಗೆ ಉಸಿರುಗಟ್ಟಿದಂತಾಗುತ್ತದೆ. ಅವು ಸಹಿಸಿಕೊಳ್ಳುವುದನ್ನೇ ನಾವು ಸಂತೋಷವೆಂದು ಭಾವಿಸಿ ಛಾಯಾಚಿತ್ರ ತೆಗೆಯುತ್ತೇವೆ. ಬೇಸರಗೊಂಡ ನಾಯಿ ಮೊದಲು ಮುಖ ತಿರುಗಿಸುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ತಿನಿಸಿಲ್ಲದಿದ್ದರೂ ತುಟಿ ನೆಕ್ಕುತ್ತದೆ, ಕಿವಿಗಳನ್ನು ಹಿಂದಕ್ಕೊತ್ತಿ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುತ್ತದೆ. ಇದಾವುದನ್ನೂ ಯಾರೂ ಗಮನಿಸದಿದ್ದಲ್ಲಿ ಮೈ ಸೆಟೆದುಕೊಂಡು ಅಲುಗಾಡದೆ ನಿಲ್ಲುತ್ತದೆ. ಆ ನಿಶ್ಚಲತೆಯೇ ಎಲ್ಲಕ್ಕಿಂತ ಗಂಭೀರ ಸೂಚನೆ. ಗುರುಗುಟ್ಟುವಿಕೆಯೂ ಕಚ್ಚುವಿಕೆಯೂ ಅದರ ಬೆನ್ನಿಗೇ ಬರಬಹುದು.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಮನುಷ್ಯರ ವಿಷಯಕ್ಕೆ ಬಳಸುವುದೇ ಲೇಸು, ನಾಯಿಗಳ ವಿಷಯದಲ್ಲಿ ಅದು ಸುಳ್ಳು. ಬಾಲ ಅಲ್ಲಾಡಿಸಿದರೆ ಸ್ನೇಹವೆಂಬ ನಂಬಿಕೆಯೂ ಅರ್ಧಸತ್ಯವೇ. ಮೈಯೆಲ್ಲ ಸಡಿಲವಾಗಿ ಬಳುಕುತ್ತ ಬಾಲ ಬೀಸುವುದು ಬೇರೆ; ಎತ್ತಿ ಹಿಡಿದ ಬಾಲದ ತುದಿಯನ್ನಷ್ಟೇ ಬಿಗಿಯಾಗಿ ಆಡಿಸುವುದು ಬೇರೆ. ಗುರುಗುಟ್ಟಿದ ನಾಯಿಗೆ ಹೊಡೆಯುವ ಮಾಲೀಕರೂ ಇದ್ದಾರೆ. ಅದು ದೊಡ್ಡ ತಪ್ಪು. ಗುರುಗುಟ್ಟುವುದು ನಾಯಿ ನೀಡುವ ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ಮುಂದೊಮ್ಮೆ ಎಚ್ಚರಿಕೆಯಿಲ್ಲದೆಯೇ ಕಚ್ಚೀತು.

ಮಕ್ಕಳಿಗೆ ಈ ಭಾಷೆ ತಿಳಿಯದು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಹಲ್ಲು ತೋರಿಸುತ್ತಿರುವ ಕೋಪಗೊಂಡ ನಾಯಿಗಳ ಮುಖಗಳನ್ನು ಪುಟ್ಟ ಮಕ್ಕಳಿಗೆ ತೋರಿಸಿದಾಗ, ಅನೇಕ ಮಕ್ಕಳು ನಾಯಿ ನಗುತ್ತಿದೆಯೆಂದೇ ತಿಳಿದರು. ಹಿರಿಯರು ಹಿಂದೆಗೆಯುವ ಕ್ಷಣದಲ್ಲಿಯೇ ಮಗು ಮುಂದೆ ಹೋಗಬಹುದು ಎಂಬುದನ್ನು ಇದರಿಂದ ಊಹಿಸಬಹುದು. ಆದಕಾರಣ ಐದಾರು ವರ್ಷದೊಳಗಿನ ಮಗುವಿಗೆ ಎಷ್ಟೇ ಬುದ್ಧಿ ಹೇಳಿದ್ದರೂ, ನಾಯಿಯ ಸಮೀಪದಲ್ಲಿ ಅದರ ಪಕ್ಕಕ್ಕೆ ಕೈಗೆಟುಕುವಷ್ಟು ಹತ್ತಿರ ಹಿರಿಯರೊಬ್ಬರು ಇರಲೇಬೇಕು. ಕೋಣೆಯ ಇನ್ನೊಂದು ಮೂಲೆಯಲ್ಲಿ ಕುಳಿತು ಮೊಬೈಲ್ ನೋಡುತ್ತಿರುವುದು ಕಾವಲೆನಿಸದು.

ಮಗುವಿಗೆ ಕಲಿಸಬೇಕಾದದ್ದು

ಮೊದಲಿಗೆ, ನಾವು ಬಿಡಬೇಕಾದ ಅಭ್ಯಾಸವೊಂದಿದೆ. ಊಟ ಮಾಡದ ಮಗುವಿಗೆ ‘ಬೌಬೌ ಬರುತ್ತೆ ನೋಡು’ ಎಂದು ಹೆದರಿಸುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹಾಗೆ ಬೆಳೆದ ಮಗು ನಾಯಿಯನ್ನು ಕಂಡೊಡನೆ ಕಿರುಚಿ ಓಡುತ್ತದೆ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ನಮ್ಮ ನಾಡಿನ ಹೆಮ್ಮೆಯಾದ, 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ಮುಧೋಳ ನಾಯಿಯಂತೂ ಕಣ್ಣಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವುದಕ್ಕೆಂದೇ ರೂಪುಗೊಂಡ ತಳಿ. ಊಟದ ಹೊತ್ತಿಗೆ ಬೇರೆ ಕಥೆ ಹೇಳೋಣ.

ಮಗುವಿಗೆ ಕಲಿಸಬೇಕಾದ ಮುಖ್ಯ ಪಾಠ ‘ಮರವಾಗು’ ಎಂಬುದು. ನಾಯಿ ಬಳಿಗೆ ಬಂದರೆ ಓಡಬಾರದು, ಕೂಗಬಾರದು. ಎರಡೂ ಕೈಗಳನ್ನು ಮೈಗೆ ಸೇರಿಸಿ, ತನ್ನ ಪಾದಗಳನ್ನೇ ನೋಡುತ್ತ ಅಲುಗಾಡದೆ ನಿಲ್ಲಬೇಕು. ನಾಯಿಯ ಕಣ್ಣನ್ನು ದಿಟ್ಟಿಸಬಾರದು. ಆಡದ ಮರದಲ್ಲಿ ನಾಯಿಗೆ ಹೆಚ್ಚು ಹೊತ್ತು ಆಸಕ್ತಿಯಿರುವುದಿಲ್ಲ, ಮೂಸಿ ಹೊರಟುಹೋಗುತ್ತದೆ. ನಾಯಿ ಕೆಡವಿದರೆ ‘ಕಲ್ಲಾಗು’: ಮಂಡಿಯನ್ನು ಹೊಟ್ಟೆಗೆ ಮಡಚಿ, ಮುಖ ಒಳಗೆ ಹುದುಗಿಸಿ, ಕುತ್ತಿಗೆ ಮತ್ತು ಕಿವಿಗಳನ್ನು ಕೈಗಳಿಂದ ಮುಚ್ಚಿಕೊಂಡು ಸುಮ್ಮನಿರುವುದು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಮನೆಯಲ್ಲಿ ತಂದೆಯೋ ಅಜ್ಜಿಯೋ ನಾಯಿಯಾಗಿ, ಆಟದಂತೆ ಹತ್ತಾರು ಬಾರಿ ಆಡಿಸಬೇಕು. ಮಕ್ಕಳಿಗೆ ಇದು ಬಹಳ ಖುಷಿಯ ಆಟವೂ ಹೌದು.

ಮಾಲೀಕರನ್ನೂ ತಮ್ಮ ಹಿರಿಯರನ್ನೂ ಕೇಳದೆ ನಾಯಿಯನ್ನು ಮುಟ್ಟಬಾರದೆಂಬುದು ಎರಡನೆಯ ಪಾಠ. ಇಬ್ಬರೂ ಒಪ್ಪಿದರೂ, ನಾಯಿ ತಾನಾಗಿ ಬಳಿಗೆ ಬಂದರೆ ಮಾತ್ರ ಎದೆಯನ್ನೋ ಪಕ್ಕೆಯನ್ನೋ ಮೆಲ್ಲಗೆ ಸವರಬಹುದು. ತಲೆಯ ಮೇಲಿಂದ ಕೈ ತರಬಾರದು. ಚೆಂಡು ನೆರೆಯವರ ಅಂಗಳಕ್ಕೋ ಬಾಲ್ಕನಿಗೋ ಬಿದ್ದರೆ ಹಿರಿಯರೇ ಹೋಗಿ ತರಬೇಕು. ಗೇಟಿನ ಸಂದಿಯಲ್ಲಿ ಕೈ ತೂರಿಸಿ ಬಿಸ್ಕತ್ತು ಕೊಡುವುದಂತೂ ಸಲ್ಲದು.

ಲಿಫ್ಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಾಲ್ಕು ಗೋಡೆಯ ಆ ಪೆಟ್ಟಿಗೆಯಲ್ಲಿ ನಾಯಿಗೂ ಹಿಂದೆ ಸರಿಯಲು ಜಾಗವಿರುವುದಿಲ್ಲ. 2022ರಲ್ಲಿ ದೆಹಲಿಯ ನೆರೆಯ ಗಾಜಿಯಾಬಾದ್‌ನಲ್ಲಿ ಲಿಫ್ಟಿನೊಳಗೆ ಸಾಕುನಾಯಿಯೊಂದು ಬಾಲಕನನ್ನು ಕಚ್ಚಿದ ದೃಶ್ಯ ದೇಶದಾದ್ಯಂತ ಹರಿದಾಡಿತ್ತು. ಒಳಗೆ ನಾಯಿಯಿದ್ದರೆ ಮುಂದಿನ ಬಾರಿ ಹೋಗುತ್ತೇವೆಂದು ನಗುತ್ತ ಹೇಳಿ ಕಾಯುವುದೇ ಸರಿ. ಅನಿವಾರ್ಯವಾದಲ್ಲಿ ಮಗುವನ್ನು ಎತ್ತಿಕೊಳ್ಳುವುದಕ್ಕಿಂತ ನಮ್ಮ ಬೆನ್ನ ಹಿಂದೆ ಮೂಲೆಯಲ್ಲಿ ನಿಲ್ಲಿಸಿಕೊಂಡು, ನಾಯಿಗೂ ಮಗುವಿಗೂ ನಡುವೆ ನಾವೇ ನಿಲ್ಲುವುದು ಒಳಿತು. ಮೇಲೆತ್ತಿದ ಮಗುವಿನತ್ತ ಕೆಲವು ನಾಯಿಗಳು ಹಾರುತ್ತವೆ.

ನೆರೆಯವರೊಡನೆ ಮಾತು

ಪರಭಾಷೆಯ ನೆರೆಯವರೊಡನೆ ದೂರಿನ ಮಾತಾಡುವುದು ನಮ್ಮವರಿಗೆ ಸಂಕೋಚ. ಹರಕುಮುರುಕು ಹಿಂದಿಯಲ್ಲೋ ಮರಾಠಿಯಲ್ಲೋ ಆಡಿದ ಮಾತು ಒರಟಾಗಿ ಕೇಳಿಸೀತೆಂಬ ಅಳುಕೂ ಇರುತ್ತದೆ. ಹಾಗೆಂದು ಘಟನೆ ನಡೆಯುವ ತನಕ ಕಾಯಬಾರದು. ಮಗುವಿಗೆ ಗಾಯವಾದ ಮೇಲೆ ಆಡುವ ಮಾತು ಜಗಳವಾಗುತ್ತದೆ. ಅದಕ್ಕೆ ಮೊದಲು ಆಡಿದರೆ ಏರ್ಪಾಡಾಗುತ್ತದೆ. ಕೇಳಬೇಕಾದದ್ದು ಹೆಚ್ಚಿಲ್ಲ. ಬಾಗಿಲು ತೆರೆಯುವ ಮೊದಲೇ ನಾಯಿಗೆ ಪಟ್ಟಿ ಹಾಕಿರಬೇಕು. ಅದರ ಹಗ್ಗ ಗಿಡ್ಡದಾಗಿರಬೇಕು, ಹಿಡಿದವರಿಗೆ ನಾಯಿಯನ್ನು ತಡೆಯುವ ಶಕ್ತಿಯಿರಬೇಕು. ಹನ್ನೆರಡು ವರ್ಷದ ಹುಡುಗನೊಬ್ಬ 45 ಕಿಲೋ ತೂಕದ ನಾಯಿಯನ್ನು ಹಿಡಿದು ಹೊರಟರೆ ಯಾರು ಯಾರನ್ನು ಎಳೆಯುತ್ತಾರೆಂಬುದು ಸ್ಪಷ್ಟ. ನಮ್ಮ ಮಗು ಅವರ ಮನೆಗೆ ಹೋದಾಗ ನಾಯಿಯನ್ನು ಬೇರೆ ಕೋಣೆಯಲ್ಲಿ ಬಿಡುವಂತೆಯೂ, ರೇಬೀಸ್ ಲಸಿಕೆ ವರ್ಷವರ್ಷವೂ ಆಗುತ್ತಿದೆಯೇ ಎಂದೂ ಕೇಳಲು ಹಿಂಜರಿಯಬೇಕಿಲ್ಲ. ನಾಯಿಗೆ ಕೊಡುವ ಆಜ್ಞೆಯ ಮಾತುಗಳನ್ನೂ ಕೇಳಿ ತಿಳಿದಿರುವುದು ಉಪಯುಕ್ತ. ಇಂಗ್ಲಿಷಿನ ‘ಸಿಟ್’ ಕಲಿತ ನಾಯಿಗೆ ನಮ್ಮ ‘ಕೂತ್ಕೋ’ ಅರ್ಥವಾಗದಷ್ಟೆ!

ಕಾನೂನಿನ ವಿಷಯದಲ್ಲಿ ಎರಡು ಮಾತು. ಗೃಹನಿರ್ಮಾಣ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಹಾಗೆಯೇ, ತನ್ನ ಪ್ರಾಣಿಯಿಂದ ಮನುಷ್ಯರಿಗೆ ತೀವ್ರ ಗಾಯವಾಗುವ ಸಂಭವವಿದ್ದೂ ಎಚ್ಚರ ವಹಿಸದ ಮಾಲೀಕನಿಗೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಕಚ್ಚಿದರೆ

ಒಡನೆಯೇ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅಳುವ ಮಗುವಿನೆದುರು ಎರಡು ನಿಮಿಷವೇ ಹದಿನೈದಾಗಿ ತೋರುತ್ತದೆ. ಅರಿಶಿನ, ಮೆಣಸಿನಪುಡಿ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು; ಬಿಗಿಯಾದ ಕಟ್ಟು ಕಟ್ಟಬಾರದು. ಮುಖದಿಂದ ರಕ್ತ ಬಹಳ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಧಾವಿಸಬೇಕು.

ನೆರೆಯವರ ನಾಯಿಗೆ ಲಸಿಕೆಯಾಗಿದೆ ಎಂಬ ಕಾರಣಕ್ಕೆ ಮಗುವಿನ ಚಿಕಿತ್ಸೆಯನ್ನು ಮುಂದೂಡಲಾಗದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಪರೂಪ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದು ಬಾರದಂತೆ ತಡೆಯಬಹುದು. ಸ್ನಾಯುವಿಗೆ ಕೊಡುವ ಲಸಿಕೆಯನ್ನು ಆರಂಭದ ದಿನ, ನಂತರ 3, 7, 14 ಮತ್ತು 28ನೆಯ ದಿನಗಳಂದು ನೀಡಲಾಗುತ್ತದೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 14ನೆಯ ದಿನದ್ದು ಇರುವುದಿಲ್ಲ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು; ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಬೇಕಾಗುತ್ತದೆ. ಅದನ್ನು ವೈದ್ಯರಲ್ಲಿ ನೆನಪಿಸಿ ಕೇಳಿ. ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನೂ ಕೇಳಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವುದು ರೂಢಿ. ಅದು ಆರೋಗ್ಯವಾಗಿಯೇ ಉಳಿದಲ್ಲಿ ಮುಂದಿನ ಚುಚ್ಚುಮದ್ದುಗಳ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ಹಾಗಾಗಿ ಸಿಟ್ಟಿನಿಂದ ನಾಯಿಯನ್ನು ಹೊಡೆದಟ್ಟುವುದು ಅಥವಾ ಮಾಲೀಕರು ಅದನ್ನು ಊರಾಚೆ ಬಿಟ್ಟುಬರುವುದು ಮಗುವಿಗೇ ಕೆಡುಕು.

ಇನ್ನೊಂದು ಸಂಗತಿ. ಬೈಗುಳಕ್ಕೆ ಹೆದರಿ, ನಾಯಿ ಗೀರಿದ್ದನ್ನೋ ಸಣ್ಣಗೆ ಹಲ್ಲು ತಾಗಿದ್ದನ್ನೋ ಮಕ್ಕಳು ಮುಚ್ಚಿಡುವುದುಂಟು. ನಾಯಿ ಏನು ಮಾಡಿದರೂ, ತಪ್ಪು ತನ್ನದೇ ಆಗಿದ್ದರೂ, ಮನೆಯಲ್ಲಿ ಹೇಳಿದರೆ ಯಾರೂ ಬೈಯುವುದಿಲ್ಲವೆಂದು ಮಗುವಿಗೆ ಇಂದೇ ಹೇಳಿಡಿ. ಸಂಜೆ ಸ್ನಾನ ಮಾಡಿಸುವಾಗ ಕೈಕಾಲುಗಳನ್ನು ಒಮ್ಮೆ ನೋಡಿರಿ.