ಕಡಲು ದಾಟಿ ಬಂದ ಒಂದು ಕಲಮು

ತುಮಕೂರಿನ ನ್ಯಾಯಾಲಯದಲ್ಲಿಯೂ ಗುಬ್ಬಿ, ಕುಣಿಗಲ್ಲುಗಳ ಪೊಲೀಸು ಠಾಣೆಗಳಲ್ಲಿಯೂ ಒಂದೂವರೆ ಶತಮಾನದಷ್ಟು ಕಾಲ ಚಲಾವಣೆಯಲ್ಲಿದ್ದ, ಸಲಿಂಗಸಂಗವನ್ನು ಅಪರಾಧವೆಂದು ಸಾರಿದ್ದ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನ ಮೂಲವನ್ನು ಅರಸಿ ಹೊರಟವನು ತಲುಪುವುದು ನಮ್ಮ ಧರ್ಮಶಾಸ್ತ್ರಗಳನ್ನಲ್ಲ, ಇಂಗ್ಲೆಂಡಿನ ಎಂಟನೆಯ ಹೆನ್ರಿ ದೊರೆಯ ಕಾಲವನ್ನು. ಮನುಸ್ಮೃತಿಯು ಪುರುಷರ ಇಂಥ ಸಂಗಕ್ಕೆ ದ್ವಿಜನಿಗೆ ಸಚೇಲಸ್ನಾನವನ್ನು ಹೇಳಿ, ಕನ್ಯೆಯರಿಗಾದರೋ ಕಠಿನ ದಂಡವನ್ನೇ ವಿಧಿಸಿದೆ. ಆದುದರಿಂದ ನಮ್ಮ ಪೂರ್ವಿಕರೆಲ್ಲರೂ ಉದಾರಿಗಳಾಗಿದ್ದರೆಂದು ನಾನು ಹೇಳಲಾರೆ. ಆದರೆ ಸಲಿಂಗಸಂಗಕ್ಕೆ ಮರಣದಂಡನೆಯನ್ನು ರಾಜ್ಯಶಾಸನವಾಗಿಸಿದ್ದು 1533ರ ಇಂಗ್ಲೆಂಡಿನ ಪಾರ್ಲಿಮೆಂಟು. ಆ ಶಾಸನದ ಛಾಯೆ ವಲಸೆಗಾರರೊಡನೆ ಹಡಗನ್ನೇರಿ ಅಮೆರಿಕೆಗೂ ಹೋಯಿತು: ವರ್ಜೀನಿಯದ 1610ರ ಕಟ್ಟಳೆ, ಮ್ಯಾಸಚೂಸೆಟ್ಸಿನ 1641ರ ಶಾಸನ, ಎರಡೂ ಮರಣವನ್ನೇ ವಿಧಿಸಿದವು. 1682ರಲ್ಲಿ ಪೆನ್ಸಿಲ್ವೇನಿಯದ ಕ್ವೇಕರ್ ಪಂಥದವರು ಚಾವಟಿಯೇಟು, ಸೆರೆವಾಸಗಳಿಗೆ ಅದನ್ನು ಇಳಿಸಿದರಾದರೂ ಆ ಕರುಣೆ ಬಹುಕಾಲ ಬಾಳಲಿಲ್ಲ.

ಭಾರತಕ್ಕೆ ಈ ದೃಷ್ಟಿಯು ಆಂಗ್ಲ ಶಾಸನಕಾರ ಮೆಕಾಲೆಯ ಕರಡಿನ ದ್ವಾರಾ ಬಂದು, 1860ರಲ್ಲಿ ಸಂಹಿತೆಯಾಗಿ, 1862ರ ಜನವರಿ 1ರಿಂದ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಜಾರಿಗೆ ಬಂದಿತು. ಜೀವಾವಧಿ ಶಿಕ್ಷೆಯವರೆಗೂ ಅದು ಕೈಚಾಚಿತ್ತು. ಮೈಸೂರು ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರ ಅಧೀನದಲ್ಲಿದ್ದುದರಿಂದ ಆ ಸಂಹಿತೆಯು ಇಲ್ಲಿಗೂ ಬಂದಿತು. ದಾಬಸ್‌ಪೇಟೆಯ ಹೆಸರಿನಲ್ಲಿ ಇಂದಿಗೂ ನೆನಪಾಗುವ ಡಾಬ್ಸನಂಥ ಆಂಗ್ಲ ಅಧಿಕಾರಿಗಳು ತುಮಕೂರಿನಿಂದಲೇ ಸೀಮೆಯನ್ನು ಆಳಿಹೋಗಿದ್ದರು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗಲೂ, ಜಾರಿಯಲ್ಲಿದ್ದ ಶಾಸನಗಳನ್ನು ಗವರ್ನರ್ ಜನರಲರ ಪೂರ್ವಾನುಮತಿಯಿಲ್ಲದೆ ಮಾರ್ಪಡಿಸಕೂಡದೆಂಬ ನಿಬಂಧನೆಯು ಹಸ್ತಾಂತರ ಪತ್ರದಲ್ಲಿಯೇ ಸೇರಿತ್ತು. ಇದೇ ನನ್ನನ್ನು ಬಹಳ ನೋಯಿಸುವ ಸಂಗತಿ: ಪ್ರಜೆಗಳ ಖಾಸಗಿ ಬಾಳಿನ ಮೇಲೆ ಕವಿದ ಆ ಶಾಸನವನ್ನು ಕುರಿತು ಗುಬ್ಬಿಯ ವರ್ತಕನನ್ನಾಗಲಿ ಕುಣಿಗಲ್ಲಿನ ರೈತನನ್ನಾಗಲಿ ಯಾರೂ ಕೇಳಲಿಲ್ಲ, ಸ್ವಂತ ಮಹಾರಾಜನಿಗೂ ಅದನ್ನು ತಿದ್ದುವ ಅಧಿಕಾರವಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ನಾವು ಅದನ್ನು ಉಳಿಸಿಕೊಂಡೆವು; ಆ ಅಪರಾಧ ನಮ್ಮದೇ. ಇಂಗ್ಲೆಂಡು 1967ರಲ್ಲಿಯೇ ಅದನ್ನು ಬಹುಮಟ್ಟಿಗೆ ಕೈಬಿಟ್ಟಿತು. ನಮ್ಮಲ್ಲಿ 2013ರಷ್ಟು ಈಚೆಗೆ ನೆರೆಯ ಹಾಸನದಲ್ಲಿ ಈ ಕಲಮಿನಡಿ ಹಲವರ ಬಂಧನವಾಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು; 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲಿ ಆ ಕಲಮೇ ಇಲ್ಲ. ಶಾಸನವೇ ಕೈಬಿಟ್ಟ ಮೇಲೆ, ತುಮಕೂರು ಸೀಮೆಯ ತಂದೆತಾಯಿಗಳಲ್ಲಿ ನನ್ನ ವಿನಂತಿಯೊಂದೇ: ಮಗನೋ ಮಗಳೋ ತನ್ನ ಮನಸ್ಸನ್ನು ತೆರೆದು ಹೇಳಿದ ದಿನ, ಅವರನ್ನು ಮನೆಯಿಂದ ಹೊರಗೆ ಹಾಕಬೇಡಿರಿ.