ಹಾನಿ (ಕಾನೂನು)

ಹಾನಿ ಎಂದರೆ ಕಾನೂನಿನ ಪರಿಭಾಷೆಯಲ್ಲಿ ಒಬ್ಬರ ಕೃತ್ಯ ಅಥವಾ ಲೋಪದಿಂದ ಮತ್ತೊಬ್ಬರ ದೇಹ, ಸ್ವತ್ತು, ಗಳಿಕೆ ಅಥವಾ ಮಾನಕ್ಕೆ ಉಂಟಾಗುವ ಕುಂದು. ಅದಕ್ಕೆ ಬದಲಾಗಿ ನ್ಯಾಯಾಲಯವು ಕೊಡಿಸುವ ಹಣವನ್ನು ನಷ್ಟಪರಿಹಾರ ಎನ್ನಲಾಗುತ್ತದೆ. ಇಂಗ್ಲಿಷಿನ 'ಡ್ಯಾಮೇಜ್' ಮೊದಲನೆಯದನ್ನೂ ಅದರ ಬಹುವಚನದಂತೆ ಕಾಣುವ 'ಡ್ಯಾಮೇಜಸ್' ಎರಡನೆಯದನ್ನೂ ಸೂಚಿಸುವುದರಿಂದ ಗೊಂದಲ ಸಾಮಾನ್ಯ. ಕನ್ನಡದಲ್ಲಿ ಬೇರೆ ಬೇರೆ ಪದಗಳಿರುವುದು ಅನುಕೂಲವೇ ಆಗಿದೆ.

ಹಾನಿ ಮತ್ತು ಹಕ್ಕಿನ ಉಲ್ಲಂಘನೆ

ನಷ್ಟವಾದ ಮಾತ್ರಕ್ಕೆ ಪರಿಹಾರ ದೊರೆಯುವುದಿಲ್ಲ. ಇಂಗ್ಲೆಂಡಿನ ಗ್ಲೌಸೆಸ್ಟರ್‌ನಲ್ಲಿ ಎದುರಾಳಿ ಶಾಲೆ ತೆರೆದುದರಿಂದ ಹಳೆಯ ಶಾಲೆಯವರು ಶುಲ್ಕ ಇಳಿಸಬೇಕಾಯಿತು. ಆದರೂ 1410ರಲ್ಲಿ ಅವರ ದಾವೆ ನಿಲ್ಲಲಿಲ್ಲ. ನ್ಯಾಯವಾದ ಪೈಪೋಟಿಯಿಂದ ಯಾರ ಹಕ್ಕೂ ಮುರಿದಿರಲಿಲ್ಲ. ಇದರ ವಿಲೋಮವೂ ಉಂಟು. ಜಮ್ಮು ಮತ್ತು ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರನ್ನು ಬಂಧಿಸಿ ವಿಧಾನಸಭಾ ಅಧಿವೇಶನಕ್ಕೆ ಹೋಗದಂತೆ ತಡೆದ ಪ್ರಕರಣದಲ್ಲಿ, ಹಣದ ನಷ್ಟವನ್ನು ಲೆಕ್ಕ ಹಾಕದೆಯೇ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ 50,000 ರೂಪಾಯಿ ಕೊಡಿಸಿತು.

ಕರಾರಿನ ಉಲ್ಲಂಘನೆ

ಭಾರತೀಯ ಕರಾರು ಅಧಿನಿಯಮ, 1872ರ 73ನೆಯ ಪ್ರಕರಣದಂತೆ, ಉಲ್ಲಂಘನೆಯಿಂದ ಸಹಜವಾಗಿ ಒದಗುವ ಅಥವಾ ಕರಾರಿನ ವೇಳೆ ಉಭಯರಿಗೂ ತಿಳಿದಿದ್ದ ನಷ್ಟಕ್ಕೆ ಮಾತ್ರ ಪರಿಹಾರವಿದೆ. ದೂರದ, ಪರೋಕ್ಷ ನಷ್ಟಕ್ಕಿಲ್ಲ. ಇದರ ಮೂಲ 1854ರ ಹ್ಯಾಡ್ಲಿ ಮೊಕದ್ದಮೆ. ಅದರಲ್ಲಿ ಹಿಟ್ಟಿನ ಗಿರಣಿಯ ಮುರಿದ ದಂಡವನ್ನು ಸಾಗಿಸುವುದು ತಡವಾಗಿ ಗಿರಣಿ ನಿಂತಿತ್ತು. ಆ ಲಾಭನಷ್ಟವನ್ನು ಸಾಗಣೆದಾರರು ತೆರಬೇಕಾಗಲಿಲ್ಲ. ನಷ್ಟ ತಗ್ಗಿಸಲು ಇದ್ದ ದಾರಿಯನ್ನೂ ಗಣನೆಗೆ ತೆಗೆದುಕೊಳ್ಳಲಾಗುತ್ತದೆ. ಪತ್ರದಲ್ಲೇ ಮೊತ್ತ ನಮೂದಾಗಿದ್ದರೆ 74ನೆಯ ಪ್ರಕರಣದಂತೆ ಅದು ಗರಿಷ್ಠ ಮಿತಿಯೇ ಹೊರತು, ತಾನಾಗಿ ಸಲ್ಲುವ ಹಣವಲ್ಲ.

ಮೋಟಾರು ಅಪಘಾತಗಳು

ಜನಸಾಮಾನ್ಯರು ಹಾನಿಯ ಲೆಕ್ಕವನ್ನು ಎದುರಿಸುವುದು ಹೆಚ್ಚಾಗಿ ಮೋಟಾರು ವಾಹನಗಳ ಅಧಿನಿಯಮ, 1988ರ ಅಡಿಯ ನ್ಯಾಯಮಂಡಳಿಗಳಲ್ಲಿ. ಸಾವಿನ ಪ್ರಕರಣಗಳಲ್ಲಿ ಸರಳಾ ವರ್ಮ (2009) ಮತ್ತು ಪ್ರಣಯ್ ಸೇಥಿ (2017) ತೀರ್ಪುಗಳ ಸೂತ್ರ ಅನ್ವಯಿಸುತ್ತದೆ. ತಿಂಗಳಿಗೆ 20,000 ರೂಪಾಯಿ ಗಳಿಸುತ್ತಿದ್ದ, 28 ವರ್ಷದ ಸ್ವಯಂ ಉದ್ಯೋಗಿಯೊಬ್ಬನಿಗೆ ನಾಲ್ವರು ಅವಲಂಬಿತರಿದ್ದರು ಎಂದುಕೊಳ್ಳಬಹುದು. ಭವಿಷ್ಯದ ಏಳಿಗೆಗೆಂದು ಶೇ. 40 ಸೇರಿಸಿದರೆ 28,000. ಸ್ವಂತ ಖರ್ಚಿಗೆ ನಾಲ್ಕನೆಯ ಒಂದು ಭಾಗ ಕಳೆದರೆ 21,000. ವರ್ಷಕ್ಕೆ 2,52,000 ಆಗುವ ಇದನ್ನು ಆ ವಯಸ್ಸಿನ ಗುಣಕವಾದ 17ರಿಂದ ಗುಣಿಸಿದಾಗ 42,84,000 ರೂಪಾಯಿ ಬರುತ್ತದೆ. ಅಂತ್ಯಕ್ರಿಯೆ ಮೊದಲಾದ ಬಾಬತ್ತುಗಳು ಪ್ರತ್ಯೇಕ.

ಗಾಯಾಳುವಿನ ವಿಷಯದಲ್ಲಿ ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರು ಪ್ರಮಾಣವೇ ಗಳಿಕೆಯ ನಷ್ಟವಲ್ಲ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಬಹುಮಟ್ಟಿಗೆ ಪೂರ್ತಿ ನಿಲ್ಲುತ್ತದೆ. ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ರಾಜ್ ಕುಮಾರ್ ಪ್ರಕರಣದಲ್ಲಿ (2011) ಸರ್ವೋಚ್ಚ ನ್ಯಾಯಾಲಯವೇ ವಿವರಿಸಿದ ಈ ವ್ಯತ್ಯಾಸವನ್ನು ಅರ್ಜಿದಾರರು ಸಾಕ್ಷ್ಯದಲ್ಲಿ ತೋರಿಸದೆ ಹೋದರೆ ಪರಿಹಾರ ಕುಗ್ಗುತ್ತದೆ.

ಸಂಬಳವಿಲ್ಲದ ದುಡಿಮೆಯ ಬೆಲೆ ಇನ್ನೂ ಜಟಿಲ. 1989ರ ಜಮ್ಶೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ ನ್ಯಾಯಾಲಯವು 2001ರಲ್ಲಿ ಗೃಹಿಣಿಯ ಸೇವೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜಿಸಿತು. ಗೃಹಿಣಿಯರ ಕಲ್ಪಿತ ಆದಾಯಕ್ಕೂ ಭವಿಷ್ಯದ ಏಳಿಗೆಯ ಅಂಶವನ್ನು ಸೇರಿಸಬಹುದೆಂದು 2021ರ ಕೀರ್ತಿ ಪ್ರಕರಣದ ತೀರ್ಪು ಹೇಳಿದೆ.