ಲಿನಕ್ಸ್‌ನಲ್ಲಿ ಯುಎಸ್‌ಬಿ ವೈಫೈ ಅಡಾಪ್ಟರ್: ಮುಂಬಯಿಯ ಹಿನ್ನೆಲೆಯಲ್ಲಿ ದೋಷಪತ್ತೆಯ ಇತಿಹಾಸ

ಯುಎಸ್‌ಬಿ ವೈಫೈ ಅಡಾಪ್ಟರ್ ಎಂಬುದು ವೈಫೈ ಇಲ್ಲದ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಆ ಸೌಲಭ್ಯ ಒದಗಿಸುವ, ಹೆಬ್ಬೆರಳಿನಷ್ಟು ಗಾತ್ರದ ಸಾಧನ. ವಿಂಡೋಸ್‌ನಲ್ಲಿ ಸಿಡಿ ಹಾಕಿದರೆ ನಡೆಯುತ್ತಿದ್ದ ಇದೇ ಸಾಧನ ಲಿನಕ್ಸ್‌ನಲ್ಲಿ ಬಹುಕಾಲ ಮೊಂಡು ಹಿಡಿಯಿತು. ತಪ್ಪು ಬಳಸುವವರದಾಗಿರಲಿಲ್ಲ. ಒಳಗಿನ ಚಿಪ್ ತಯಾರಿಸಿದ ಹಲವು ಕಂಪನಿಗಳು ಅದು ಕೆಲಸ ಮಾಡುವ ಬಗೆಯನ್ನು ಹೊರಗೆ ತಿಳಿಸಿರಲಿಲ್ಲ.

ಯುಎಸ್‌ಬಿ ಬಂದದ್ದು 1996ರಲ್ಲಿ. ಬರೋಡಾದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್ ಅದರ ವಿನ್ಯಾಸದ ಮುಂದಾಳುಗಳಲ್ಲೊಬ್ಬರು. ಸೆಕೆಂಡಿಗೆ 11 ಮೆಗಾಬಿಟ್ ವೇಗದ 802.11ಬಿ ವೈಫೈ 1999ರಲ್ಲಿ ಬಂತು. ಭಾರತದಲ್ಲಿ 2005ರ ಜನವರಿಯ ಅಧಿಸೂಚನೆ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಂದ ಬಿಡಿಸಿತು. ಅದೇ ವರ್ಷ ಎಂಟಿಎನ್‌ಎಲ್ ಮುಂಬಯಿಯಲ್ಲಿ ಟ್ರೈಬ್ಯಾಂಡ್ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಮೋಡೆಮ್ ಹಜಾರದಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ ಇದ್ದ ಮನೆಗಳಿಗೆ ಗೋಡೆ ಕೊರೆದು ಕೇಬಲ್ ಎಳೆಯುವುದಕ್ಕಿಂತ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಅಡಾಪ್ಟರ್ ಕೊಳ್ಳುವುದು ಸುಲಭವಾಗಿತ್ತು. ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂಬುದು ಆ ರಸ್ತೆಯ ಅಧಿಕೃತ ಹೆಸರು. ಕಂಪ್ಯೂಟರ್ ಬಿಡಿಭಾಗ ಬೇಕಾದವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಮೊದಲ ಹಂತದ ಪರಿಹಾರ ಎರವಲಿನದು. ಪೊಂಟಸ್ ಫುಕ್ಸ್ ಮತ್ತು ಗಿರಿಧರ್ ಪೆಮ್ಮಸಾನಿ ಬೆಳೆಸಿದ ಎನ್‌ಡಿಸ್‌ರ‍್ಯಾಪರ್, ಸಾಧನವನ್ನು ನಡೆಸುವ ತಂತ್ರಾಂಶವಾದ ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನ ತಿರುಳಾದ ಕರ್ನಲ್ಲಿನೊಳಗೆ ಓಡಿಸುತ್ತಿತ್ತು. ಜೊತೆಗೆ ಬಂದ ಸಿಡಿಯಿಂದ ಡ್ರೈವರ್ ಫೈಲು ಹೆಕ್ಕಿ ಅದಕ್ಕೆ ಕೊಡಬೇಕಾಗಿತ್ತು. ಕರ್ನಲ್ 32 ಬಿಟ್‌ನದಾದರೆ ಡ್ರೈವರೂ 32 ಬಿಟ್‌ನದೇ ಆಗಬೇಕು. ತಪ್ಪಿದರೆ ಕೆಲಸ ಕೆಟ್ಟಂತೆ. ಉಪಾಯ ಜಾಣತನದ್ದೇ. ಆದರೆ ಒಳಗೇನು ನಡೆಯುತ್ತಿದೆಯೆಂದು ಯಾರೂ ನೋಡಲಾಗದ ಡ್ರೈವರಿನ ದೋಷ ಹುಡುಕುವುದು ಕತ್ತಲಲ್ಲಿ ಸೂಜಿ ತಡಕಿದ ಹಾಗೆ.

ನಿಜವಾದ ತಿರುವು 2007ರದು. ಕರ್ನಲ್ 2.6.22ರಲ್ಲಿ ಎಂಎಸಿ80211 ಎಂಬ ಸಾಮಾನ್ಯ ವೈಫೈ ಪದರ ಸೇರಿತು. ಪ್ರತಿ ಡ್ರೈವರೂ ಎಲ್ಲವನ್ನೂ ಮೊದಲಿನಿಂದ ಬರೆದುಕೊಳ್ಳುವ ಕಷ್ಟ ತಪ್ಪಿತು. ರಾಲಿಂಕ್ ಚಿಪ್‌ಗಳ ಡ್ರೈವರುಗಳು 2008ರಲ್ಲಿ, ಅಥೆರಾಸ್‌ನ ಎಆರ್9271 ಚಿಪ್‌ಗೆ ಬೇಕಾದದ್ದು 2010ರಲ್ಲಿ ಕರ್ನಲ್ ಸೇರಿದವು. 2013ರಲ್ಲಿ ಆ ಚಿಪ್‌ನ ಫರ್ಮ್‌ವೇರ್, ಅಂದರೆ ಚಿಪ್‌ನೊಳಗೇ ಓಡುವ ತಂತ್ರಾಂಶ, ಕೂಡ ಮುಕ್ತವಾಯಿತು. ಈ ಕ್ಷೇತ್ರದಲ್ಲಿ ಇದು ಅಪರೂಪದ ಔದಾರ್ಯ.

ಅಲ್ಲಿಂದಾಚೆಗೆ ದೋಷಪತ್ತೆಯ ಮೊದಲ ಹೆಜ್ಜೆ ಚಿಪ್ ಯಾವುದೆಂದು ಗುರುತಿಸುವುದಾಯಿತು. ಡಬ್ಬಿಯ ಮೇಲಿನ ಹೆಸರನ್ನು ನಂಬುವಂತಿಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಇದಕ್ಕೆ ಪ್ರಸಿದ್ಧ ಉದಾಹರಣೆ: ಮೊದಲ ಆವೃತ್ತಿಯಲ್ಲಿ ಎಆರ್9271, ಎರಡನೆಯದರಲ್ಲಿ ರಿಯಲ್‌ಟೆಕ್ ಚಿಪ್; ಹೆಸರು ಮಾತ್ರ ಅದೇ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಟ್ಟರೆ ತಯಾರಕರ ಮತ್ತು ಸಾಧನದ ಸಂಖ್ಯೆಗಳು ಕಾಣುತ್ತವೆ. 0ಬಿಡಿಎ ಎಂದು ಶುರುವಾದರೆ ರಿಯಲ್‌ಟೆಕ್, 148ಎಫ್ ಆದರೆ ರಾಲಿಂಕ್. ಕೆಲವು ಅಡಾಪ್ಟರುಗಳು ಮೊದಲು ತಮ್ಮನ್ನು ಸಿಡಿ ಡ್ರೈವ್ ಎಂದು ಪರಿಚಯಿಸಿಕೊಳ್ಳುತ್ತವೆ. ‘ಯುಎಸ್‌ಬಿ ಮೋಡ್‌ಸ್ವಿಚ್’ ಅವುಗಳ ವೇಷ ಕಳಚಬೇಕು.

ಚಿಪ್ ಗುರುತಾದರೂ ಫರ್ಮ್‌ವೇರ್ ಇಲ್ಲದೆ ಹಲವು ಅಡಾಪ್ಟರುಗಳು ಏಳುವುದಿಲ್ಲ. ಫರ್ಮ್‌ವೇರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಅಡಾಪ್ಟರ್ ಬೇಕು. ಈ ಸುತ್ತಿನಿಂದ ಹೊರಬರಲು ಮೊದಲು ಸೈಬರ್ ಕೆಫೆಯ ಪೆನ್‌ಡ್ರೈವ್, ಆಮೇಲೆ ಮೊಬೈಲಿನ ಟೆಥರಿಂಗ್ ದಾರಿಯಾದವು. ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪನಾ ಡಿಸ್ಕಿನಲ್ಲಿ ಸೇರಿಸಲು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸಮುದಾಯ 2022ರಲ್ಲಿ ಮತ ಹಾಕಿ ಒಪ್ಪಿತು; 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಲ್ಲಿ ಅದು ಜಾರಿಯಾಯಿತು.

ಭದ್ರತೆಯ ಪ್ರಶ್ನೆ ಮುಂಬಯಿಗೆ ಕಟುವಾಗಿ ಬಂತು. 2008ರ ಜುಲೈನ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇ-ಮೇಲ್ ನವಿ ಮುಂಬಯಿಯ ಸಾನ್‌ಪಾಡಾದ ಮನೆಯೊಂದರ ವೈಫೈ ಮೂಲಕ ಹೋದದ್ದು ಪತ್ತೆಯಾಯಿತು; 2009ರ ಆರಂಭದಲ್ಲಿ ನಗರದ ಪೊಲೀಸರು ರಕ್ಷಣೆಯಿಲ್ಲದ ವೈಫೈಗಳ ಹುಡುಕಾಟಕ್ಕೆ ಇಳಿದರು. ವೈಫೈಯ ಹಳೆಯ ಡಬ್ಲ್ಯುಇಪಿ ಗೂಢಲಿಪಿಯ ದೌರ್ಬಲ್ಯ 2001ರಲ್ಲೇ ಬಯಲಾಗಿತ್ತು. ರೌಟರನ್ನು ಹೆಚ್ಚು ಭದ್ರವಾದ ಡಬ್ಲ್ಯುಪಿಎ2ಗೆ ಬದಲಿಸಿದಲ್ಲಿ, ಅದು ತಿಳಿಯದ ಹಳೆಯ ಡ್ರೈವರಿಗೆ ಪಾಸ್‌ವರ್ಡ್ ಸರಿಯಿದ್ದೂ ಸಂಪರ್ಕ ಸಿಗುತ್ತಿರಲಿಲ್ಲ.

ಇನ್ನೆರಡು ದೋಷಗಳು ದಟ್ಟ ನಗರದಲ್ಲಿ ಹೆಚ್ಚು ಕಾಡುತ್ತವೆ. ಒತ್ತೊತ್ತಾದ ಕಟ್ಟಡಗಳಲ್ಲಿ 1, 6, 11ನೆಯ ಚಾನೆಲ್‌ಗಳು ತುಂಬಿದಾಗ ರೌಟರ್ 13ಕ್ಕೆ ಸರಿಯಬಹುದು. ಭಾರತದಲ್ಲಿ ಅದಕ್ಕೆ ಅನುಮತಿಯಿದೆ. ಆದರೆ ಅಮೆರಿಕದ ನಿಯಮಕ್ಕೆ ಹೊಂದಿಸಿದ ಅಡಾಪ್ಟರಿಗೆ ಆ ಜಾಲ ಕಾಣುವುದೇ ಇಲ್ಲ. ದೇಶದ ಸಂಕೇತವನ್ನು ಭಾರತಕ್ಕೆ ಬದಲಿಸುವುದು ಇಲ್ಲಿ ಮೊದಲು ಮಾಡಿ ನೋಡಬೇಕಾದ ಕೆಲಸ. ಅಡಾಪ್ಟರಿನೊಳಗೇ ಆ ನಿಯಮ ಬರೆದಿದ್ದರೆ ಮಾತ್ರ ರೌಟರಿನ ಚಾನೆಲ್ಲನ್ನೇ ಬದಲಿಸಬೇಕು. ಎರಡನೆಯದು ರೇಡಿಯೊ ಗದ್ದಲದ ತೊಂದರೆ: ಯುಎಸ್‌ಬಿ 3.0 ಕಿಂಡಿ 2.4 ಗಿಗಾಹರ್ಟ್ಸ್‌ನಲ್ಲಿ ಅಡ್ಡಿ ಹುಟ್ಟಿಸುತ್ತದೆಂದು ಇಂಟೆಲ್ 2012ರಲ್ಲಿ ವಿವರಿಸಿತು. ಅಡಾಪ್ಟರನ್ನು ಒಂದು ಎಕ್ಸ್‌ಟೆನ್ಷನ್ ಕೇಬಲ್‌ನಿಂದ ದೂರವಿಟ್ಟರೆ ಸಿಗ್ನಲ್ ಸುಧಾರಿಸುತ್ತದೆ.

ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್ ಪಾಠಗಳನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಒದಗಿಸಿದೆ. ಟರ್ಮಿನಲ್ ಎಂದರೆ ಹೆದರುವವರಿಗೆ ಇದು ದೊಡ್ಡ ಆಸರೆ. ರಿಯಲ್‌ಟೆಕ್‌ನ ಹಲವು ಯುಎಸ್‌ಬಿ ಚಿಪ್‌ಗಳು 2023ರ 6.2ನೆಯ ಕರ್ನಲ್‌ನಿಂದ ಆರ್‌ಟಿಡಬ್ಲ್ಯು88 ಡ್ರೈವರಿನ ಬೆಂಬಲ ಪಡೆದಿವೆ. ಕರ್ನಲ್ಲಿನ ಹೊರಗಿನ ಡ್ರೈವರನ್ನೇ ನೆಚ್ಚಿದ ಅಡಾಪ್ಟರುಗಳು ಮಾತ್ರ ಇಂದಿಗೂ ಕರ್ನಲ್ ಬದಲಾದಾಗ ನಿಂತುಹೋಗಬಹುದು. ಆಗ ಡ್ರೈವರನ್ನು ಹೊಸ ಕರ್ನಲ್‌ಗೆ ಮತ್ತೆ ಕಟ್ಟಬೇಕು.